ಹಾಲು ತೊಳೆದ ನೀರು, ಪಲ್ಪರ್ ನೀರು ಮತ್ತು ಕಂಪ್ಯೂಟರಿನ ಲೆಕ್ಕ

(ಮಲ್ಲಂದೂರು ಮತ್ತು ಸುತ್ತಲಿನ ಕಾಫಿ ಸೀಮೆಯ ಸದಸ್ಯರಿಗಾಗಿ)



ಡಿಸೆಂಬರ್ ತಿಂಗಳು ಬಂತೆಂದರೆ ಮಲ್ಲಂದೂರು ಸೀಮೆಯ ಮನೆಗಳಲ್ಲಿ ಯಾರ ಕೈಗೂ ಬಿಡುವಿರುವುದಿಲ್ಲ. ಬೆಳಗಿನ ಜಾವ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬರಬೇಕು. ಅಲ್ಲಿಂದ ತೋಟಕ್ಕೆ ಹೋಗಿ ಹಣ್ಣು ಕುಯ್ಯಬೇಕು. ಸಂಜೆ ಹಣ್ಣಿನ ಅಳತೆ ಮುಗಿದರೆ ಪಲ್ಪರ್ ಶುರುವಾಗುತ್ತದೆ. ಈ ಎರಡು ಕಸುಬಿಗೂ ನೀರು ಬೇಕು. ಕ್ಯಾನು ತೊಳೆದ ನೀರು, ಹಾಲು ತಂಪು ಮಾಡುವ ಟ್ಯಾಂಕು ತೊಳೆದ ನೀರು, ಕೊಟ್ಟಿಗೆ ತೊಳೆದ ನೀರು, ಪಲ್ಪರಿನಿಂದ ಹೊರಬಿದ್ದ ನೀರು, ಇವೆಲ್ಲವೂ ಇಳಿಜಾರಿನಲ್ಲಿ ಹರಿದು ಕೊನೆಗೆ ಸೇರುವುದು ಹಳ್ಳವನ್ನು. ಅದೇ ಹಳ್ಳದಲ್ಲಿ ನಮ್ಮ ದನಗಳು ನೀರು ಕುಡಿಯುತ್ತವೆ. ಮಳೆಗಾಲದಲ್ಲಿ ಬೋರ್ಗರೆಯುವ ಹಳ್ಳ ಆ ವೇಳೆಗೆ ಬಡವಾಗಿರುತ್ತದೆ. ಈ ಸೀಮೆಯ ನೀರು ಮುಂದೆ ಭದ್ರೆಗೆ ಸೇರಿ, ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತು, ಬಯಲು ಸೀಮೆಯ ರೈತರ ಗದ್ದೆ ತೋಟಗಳಿಗೂ ಹೋಗುತ್ತದೆ.

ಇಂತಹ ಕೆಟ್ಟ ನೀರನ್ನು ಮತ್ತೆ ಒಳ್ಳೆಯದು ಮಾಡುವ ಮುಖ್ಯ ಕೆಲಸವನ್ನು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮಾಡುತ್ತವೆ. ಯಂತ್ರವಾಗಲಿ ಔಷಧಿಯಾಗಲಿ ಅವುಗಳಿಗೆ ನೆರವು ಮಾತ್ರ. ಆ ಬ್ಯಾಕ್ಟೀರಿಯಾಗಳಿಗೆ ಎಷ್ಟು ತಿನಿಸು, ಎಷ್ಟು ಗಾಳಿ, ಎಷ್ಟು ಕಾಲ ಬೇಕೆಂಬುದನ್ನು ಇಂದು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ತಿಳಿಯುತ್ತಾರೆ. ಇದು ದೊಡ್ಡ ಊರುಗಳವರ ವಿಷಯ, ನಮಗೇಕೆ ಎಂದು ತಾವು ಕೇಳಬಹುದು. ಹಾಲಿನ ಡೇರಿಯ ಖರ್ಚಿನಲ್ಲಿ ಕೊಳಚೆ ನೀರಿನ ಶುದ್ಧೀಕರಣವೂ ಒಂದು ಬಾಬತ್ತು. ಆ ಖರ್ಚು ಕೊನೆಗೆ ಬೀಳುವುದು ಸದಸ್ಯರ ಲೀಟರ್ ಹಾಲಿನ ಮೇಲೆಯೇ. ಅಲ್ಲದೆ ಈ ಲೆಕ್ಕದ ತಿರುಳು ಹಸು ಸಾಕಿದವರಿಗೆ ಹೊಸದೇನೂ ಅಲ್ಲ. ಮುಂದೆ ಓದಿದರೆ ತಮಗೇ ತಿಳಿಯುತ್ತದೆ.

ನೀರು ಕೆಡುವುದು ಎಂದರೇನು?

ಹರಿಯುವ ಒಳ್ಳೆಯ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮೀನು, ಏಡಿ, ಹುಳು ಹುಪ್ಪಟೆಗಳೆಲ್ಲ ಉಸಿರಾಡುವುದು ಇದರಿಂದಲೇ. ಈ ನೀರಿಗೆ ಹಾಲು, ಸಕ್ಕರೆ, ಗಂಜಿ ಮುಂತಾದ ಕೊಳೆಯುವ ವಸ್ತು ಬಿದ್ದೊಡನೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ತಿನ್ನುತ್ತವೆ, ಹೆಚ್ಚುತ್ತವೆ, ನೀರಿನಲ್ಲಿರುವ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಆಮ್ಲಜನಕ ಮುಗಿದ ಮೇಲೆ ಮೀನು ತೇಲುತ್ತದೆ, ನೀರು ಕಪ್ಪಾಗಿ ನಾರುತ್ತದೆ. ಹೀಗೆ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನಲು ಬೇಡುವ ಆಮ್ಲಜನಕದ ಪ್ರಮಾಣಕ್ಕೆ ಬಿ.ಓ.ಡಿ. ಎಂದು ಹೆಸರು. ಬಿ.ಓ.ಡಿ. ಹೆಚ್ಚಿದ್ದಷ್ಟೂ ನೀರು ಕೆಟ್ಟದ್ದು.

ಮನೆಗಳ ಬಚ್ಚಲು, ಪಾಯಖಾನೆ ನೀರಿನ ಬಿ.ಓ.ಡಿ. ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ. ನಾವು ಅಮೃತವೆಂದು ಭಾವಿಸುವ ಹಾಲಿನ ಬಿ.ಓ.ಡಿ. ಎಷ್ಟು ಗೊತ್ತೇ? ಲೀಟರಿಗೆ ಸುಮಾರು 1,00,000 ಮಿಲಿಗ್ರಾಂ, ಅಂದರೆ 100 ಗ್ರಾಂ. ಒಂದು ಲೀಟರ್ ಹಾಲು ಚರಂಡಿಗೆ ಚೆಲ್ಲಿದರೆ 400 ಲೀಟರ್ ಬಚ್ಚಲ ನೀರು ಬಿಟ್ಟಂತೆ. ಆ ಒಂದು ಲೀಟರ್ ಹಾಲನ್ನು ತಿಂದು ಮುಗಿಸಲು 12,500 ಲೀಟರ್ ಹಳ್ಳದ ನೀರಿನಲ್ಲಿರುವಷ್ಟು ಆಮ್ಲಜನಕ ಬೇಕು. ಕೆಟ್ಟ ಹಾಲೆಂದು 100 ಲೀಟರ್ ಚರಂಡಿಗೆ ಸುರಿದರೆ ಸುಮಾರು 200 ಜನರ ಒಂದು ದಿನದ ಕೊಳಚೆಯನ್ನು ಹಳ್ಳಕ್ಕೆ ಬಿಟ್ಟ ಹಾಗಾಯಿತು. ಪುಷ್ಟಿಯಾದ ಆಹಾರ ಮನುಷ್ಯನಿಗೆ ಹೇಗೋ ಬ್ಯಾಕ್ಟೀರಿಯಾಕ್ಕೂ ಹಾಗೆಯೇ.

ಪಲ್ಪರ್ ನೀರಿನ ಕಥೆಯೂ ಇದೇ. ಕಾಫಿ ಹಣ್ಣಿನ ಸಿಪ್ಪೆ ಮತ್ತು ಬೀಜದ ಮೇಲಿನ ಲೋಳೆಯಲ್ಲಿ ಸಕ್ಕರೆ ಹಾಗೂ ಪೆಕ್ಟಿನ್ ತುಂಬಿರುತ್ತವೆ. ಪಲ್ಪರ್ ನೀರಿನ ಬಿ.ಓ.ಡಿ. ಲೀಟರಿಗೆ ಕೆಲವು ಸಾವಿರ ಮಿಲಿಗ್ರಾಂ ಇರುತ್ತದೆ. ನೀರು ಕಡಿಮೆ ಬಳಸಿದಲ್ಲಿ, ಲೋಳೆ ಹೆಚ್ಚಿದ್ದಲ್ಲಿ 10,000ವನ್ನೂ ದಾಟಬಹುದು. ಒಂದು ಲೆಕ್ಕ ಹಾಕೋಣ. ಒಂದು ಸಂಜೆ 5,000 ಲೀಟರ್ ಪಲ್ಪರ್ ನೀರು ಹಳ್ಳಕ್ಕೆ ಬಿತ್ತು, ಅದರ ಬಿ.ಓ.ಡಿ. 5,000 ಎಂದುಕೊಳ್ಳಿ. ಅದಕ್ಕೆ ಬೇಕಾದ ಆಮ್ಲಜನಕ 25 ಕಿಲೋ. ಲೀಟರಿಗೆ 8 ಮಿಲಿಗ್ರಾಂನಂತೆ 31 ಲಕ್ಷ ಲೀಟರಿಗೂ ಮಿಕ್ಕಿದ ಹಳ್ಳದ ನೀರು ಅಷ್ಟನ್ನು ಕೊಡಬೇಕು. ಹಳ್ಳದಲ್ಲಿ ಸೆಕೆಂಡಿಗೆ 10 ಲೀಟರ್ ಹರಿಯುತ್ತಿದ್ದರೆ ಇದು ಮೂರೂವರೆ ದಿನಕ್ಕೂ ಮೀರಿದ ಹರಿವು. ಕಲ್ಲಿನ ಮೇಲೆ ಹಾರಿ ಬೀಳುವಾಗ ನೀರು ಗಾಳಿಯಿಂದ ಮತ್ತೆ ಆಮ್ಲಜನಕ ಪಡೆಯುತ್ತದೆಂಬುದು ನಿಜ. ಆದರೆ ಸಾಲಾಗಿ ತೋಟಗಳಿರುವ ಕಡೆ ಹಳ್ಳಕ್ಕೆ ಸುಧಾರಿಸಿಕೊಳ್ಳಲು ಬಿಡುವೆಲ್ಲಿ?

ಹಳ್ಳ ಕೆಡುವುದು ಒಂದು ಕಡೆ, ಸುಧಾರಿಸುವುದು ಇನ್ನೊಂದು ಕಡೆ. ಈ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದ ಮೊದಲ ಗಣಿತ 1925ರದು. ಅಮೆರಿಕದ ಓಹಾಯೊ ನದಿಯ ಮೇಲೆ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬುವರು ಅದನ್ನು ಮಾಡಿದರು. ಬಾಳೆಹೊನ್ನೂರಿನ ಬಳಿ ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅದೇ ವರ್ಷ.

ಹೆಪ್ಪು ಉಳಿಸಿಕೊಂಡಂತೆ

ಹಳ್ಳದಲ್ಲಿ ನಡೆಯುವ ಕೆಲಸವನ್ನೇ ಒಂದು ತೊಟ್ಟಿಯಲ್ಲಿ, ನಮ್ಮ ಹಿಡಿತದಲ್ಲಿ ನಡೆಸುವುದೇ ಜೈವಿಕ ಶುದ್ಧೀಕರಣ. ಡೇರಿಯ ಕೊಳಚೆ ನೀರಿನಿಂದ ಮೊದಲು ಜಿಡ್ಡು ತೆಗೆದು, ಆಮೇಲೆ ಅದನ್ನು ದೊಡ್ಡ ತೊಟ್ಟಿಗೆ ಬಿಟ್ಟು ಗಾಳಿ ಊದುತ್ತಾರೆ. ಬ್ಯಾಕ್ಟೀರಿಯಾಗಳು ಕೊಳೆ ತಿಂದು ಬೆಳೆದು ಕಂದು ಬಣ್ಣದ ಕೆಸರಾಗುತ್ತವೆ. ಆ ನೀರನ್ನು ಇನ್ನೊಂದು ತೊಟ್ಟಿಯಲ್ಲಿ ನಿಲ್ಲಿಸಿದರೆ ಕೆಸರು ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿನೀರು ಉಳಿಯುತ್ತದೆ. ಆ ಕೆಸರಿನ ಬಹುಭಾಗವನ್ನು ಮತ್ತೆ ಮೊದಲ ತೊಟ್ಟಿಗೆ ಹಾಕುವುದೇ ಇಲ್ಲಿನ ಗುಟ್ಟು. ಮೊಸರೆಲ್ಲ ಖರ್ಚಾಗದಂತೆ ಒಂದು ಸೌಟು ಹೆಪ್ಪಿಗೆ ತೆಗೆದಿಡುವುದಿಲ್ಲವೇ? ಇದೂ ಹಾಗೆ. ಹೆಪ್ಪು ಗಟ್ಟಿಯಾಗಿದ್ದರೆ ಕೆಲಸ ಬೇಗ. ಇದಕ್ಕೆ ಕ್ರಿಯಾಶೀಲ ಕೆಸರು ಪದ್ಧತಿ ಎನ್ನುತ್ತಾರೆ.

ಈ ಪದ್ಧತಿಯನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ಜಗತ್ತಿಗೆ ತಿಳಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದವರು ಗಿಲ್ಬರ್ಟ್ ಫೌಲರ್. ಇವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. ಮ್ಯಾಂಚೆಸ್ಟರಿನ ವಿದ್ಯೆ ಹೀಗೆ ಬಲುಬೇಗ ಕನ್ನಡ ನಾಡಿಗೆ ಬಂತು. ಮುಂದೆ ಅದೇ ಸಂಸ್ಥೆಯ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942ರಲ್ಲಿ ಒಂದು ಸಂಗತಿ ತೋರಿಸಿದರು. ಈ ಕೆಸರಿನಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಅದಕ್ಕಿಂತ ದೊಡ್ಡದಾದ ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳಿಗೂ ದೊಡ್ಡ ಪಾಲಿದೆ ಎಂಬುದೇ ಆ ಸಂಗತಿ. ನೀರು ತಿಳಿಯಾಗುವುದರಲ್ಲಿ ಅವುಗಳ ಕೈ ಇದೆಯೆಂಬ ಅವರ ಬರಹ ಹೊರದೇಶದ ಪ್ರಸಿದ್ಧ ವಿಜ್ಞಾನ ಪತ್ರಿಕೆ 'ನೇಚರ್'ನಲ್ಲಿ ಅಚ್ಚಾಯಿತು.

ಲೆಕ್ಕ ಎಂದರೆ ಯಾವ ಲೆಕ್ಕ?

ಅದೇ 1942ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಮೊನೊ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾ ಬೆಳೆಯುವ ವೇಗಕ್ಕೆ ಒಂದು ಸರಳ ಸೂತ್ರ ಕೊಟ್ಟರು. ಅದನ್ನು ನಮ್ಮ ಕೊಟ್ಟಿಗೆಯ ಮಾತಿನಲ್ಲಿ ಹೇಳಬಹುದು. ಹಸುವಿಗೆ ಹಿಂಡಿ ಕೊಟ್ಟಂತೆ ಹಾಲು ಹೆಚ್ಚುತ್ತದೆ. ಒಂದು ಕಿಲೋ ಕೊಡುತ್ತಿದ್ದವರು ಎರಡು ಕಿಲೋ ಕೊಟ್ಟರೆ ಹಾಲು ಚೆನ್ನಾಗಿ ಏರುತ್ತದೆ. ಆದರೆ ಎಂಟು ಕಿಲೋ ಕೊಟ್ಟರೆ ಎಂಟು ಪಟ್ಟು ಹಾಲು ಬರುವುದಿಲ್ಲ. ಹಸುವಿನ ತಳಿಗೊಂದು ಮಿತಿ ಇದೆ. ಬ್ಯಾಕ್ಟೀರಿಯಾಕ್ಕೂ ಅಷ್ಟೆ.

ಇಂದು ಬಳಕೆಯಲ್ಲಿರುವ ಅಂಕಿಗಳನ್ನು ನೋಡಿ. 20 ಡಿಗ್ರಿ ಶಾಖದಲ್ಲಿ ತಿನಿಸು ಬೇಕಾದಷ್ಟಿದ್ದರೆ ಸಾಮಾನ್ಯ ಕೊಳಚೆ ಬ್ಯಾಕ್ಟೀರಿಯಾದ ಬೆಳವಣಿಗೆಯ ದರವನ್ನು ದಿನಕ್ಕೆ 6 ಎಂದು ಹಿಡಿಯುತ್ತಾರೆ. ಅಂದರೆ ಸುಮಾರು 3 ಗಂಟೆಗೊಮ್ಮೆ ಅವುಗಳ ಸಂಖ್ಯೆ ಇಮ್ಮಡಿ. ನೀರಿನಲ್ಲಿ ತಿನಿಸು ಲೀಟರಿಗೆ 20 ಮಿಲಿಗ್ರಾಂ ಇದ್ದರೆ ಈ ದರ ಅರ್ಧಕ್ಕೆ, ಅಂದರೆ 3ಕ್ಕೆ ಇಳಿಯುತ್ತದೆ. ತಿನಿಸು 100 ಇದ್ದರೆ ದರ 5. ತಿನಿಸನ್ನು ಇನ್ನೂ ನಾಲ್ಕು ಪಟ್ಟು ಮಾಡಿ 400ಕ್ಕೆ ಏರಿಸಿದರೂ ದರ 5.7 ಮಾತ್ರ. ತಿನಿಸು 5ಕ್ಕೆ ಇಳಿದರೆ ದರ 1.2. ನೀರು ಶುದ್ಧವಾಗುತ್ತ ಹೋದಂತೆ ಉಳಿದ ಕೊನೆಯ ಕೊಳೆಯನ್ನು ತೆಗೆಯುವುದು ಏಕೆ ನಿಧಾನವೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಲೆಕ್ಕ ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದು. ತಿನಿಸನ್ನು ಇಲ್ಲಿ ಸಿ.ಓ.ಡಿ. ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಿ.ಓ.ಡಿ. ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಬಳಸುವ ಆಮ್ಲಜನಕವಾದರೆ, ಸಿ.ಓ.ಡಿ. ಕೊಳೆಯನ್ನು ಪೂರ್ತಿ ಸುಡಲು ಬೇಕಾದ ಆಮ್ಲಜನಕ. ಹಾಲಿನಲ್ಲಿ ಇದು ಬಿ.ಓ.ಡಿ.ಯ ಸುಮಾರು ಎರಡರಷ್ಟು. ಗಾಳಿಯಿರುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ 100 ಭಾಗ ತಿಂದರೆ ಸುಮಾರು 67 ಭಾಗ ಅದರ ಹೊಸ ಮೈ ಆಗುತ್ತದೆ, ಉಳಿದ 33 ಭಾಗ ಉಸಿರಾಟದಲ್ಲಿ ಉರಿದುಹೋಗುತ್ತದೆ. ತಾವು ಹಾಕಿದ ಮೇವು ಕರುವಿನ ಮೈಗೂ ಅದರ ಓಡಾಟ, ಉಸಿರಿಗೂ ಹಂಚಿಹೋಗುವ ಹಾಗೆಯೇ ಇದು.

ಕಂಪ್ಯೂಟರು ಏಕೆ ಬೇಕು?

ಒಂದು ಹಸುವಿನ ಲೆಕ್ಕವನ್ನು ಬಾಯಲ್ಲೇ ಹೇಳಬಹುದು. ಆದರೆ ತೊಟ್ಟಿಯಲ್ಲಿ ಹಲವು ಬಗೆಯ ಜೀವಿಗಳಿವೆ. ಕೆಲವು ಸಕ್ಕರೆ, ಕೊಬ್ಬು ತಿನ್ನುತ್ತವೆ, ಕೆಲವು ಅಮೋನಿಯಾವನ್ನು ನೈಟ್ರೇಟು ಮಾಡುತ್ತವೆ. ಒಂದರ ಎಂಜಲು ಇನ್ನೊಂದಕ್ಕೆ ಊಟ. ಸತ್ತವುಗಳ ದೇಹ ಮತ್ತೆ ತಿನಿಸಾಗುತ್ತದೆ. ಬರುವ ನೀರು ಬೆಳಿಗ್ಗೆ ಒಂದು ತರಹ, ರಾತ್ರಿ ಇನ್ನೊಂದು ತರಹ. ಇವೆಲ್ಲವನ್ನೂ ಒಟ್ಟಿಗೆ ಹಿಡಿಯಲು ಕಾಗದ ಪೆನ್ಸಿಲು ಸಾಲದು.

1983ರಲ್ಲಿ ಅಂತರರಾಷ್ಟ್ರೀಯ ಜಲ ಸಂಶೋಧಕರ ಸಂಘವೊಂದು ಇದಕ್ಕಾಗಿ ಒಂದು ತಂಡ ನೇಮಿಸಿತು. ಡೆನ್ಮಾರ್ಕಿನ ಮೊಗೆನ್ಸ್ ಹೆನ್ಸೆ ಅದರ ಮುಖ್ಯಸ್ಥರು. 1987ರಲ್ಲಿ ಆ ತಂಡ ಕೊಟ್ಟ ಮಾದರಿಗೆ 'ಕ್ರಿಯಾಶೀಲ ಕೆಸರು ಮಾದರಿ 1' ಎಂದು ಹೆಸರು. ಅದರಲ್ಲಿ 13 ವಸ್ತುಗಳು, 8 ಕ್ರಿಯೆಗಳು. ಕಂಪ್ಯೂಟರು ಮಾಡುವುದು ನಮ್ಮ ಸಂಘದ ಕಾರ್ಯದರ್ಶಿಗಳು ಮಾಡುವ ಕೆಲಸವನ್ನೇ. ಪ್ರತಿಯೊಂದು ವಸ್ತುವಿಗೂ ಒಂದು ಪುಟ ತೆರೆದು, ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಹೊಸದಾಗಿ ಹುಟ್ಟಿದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆಯುತ್ತ ಹೋಗುತ್ತದೆ. ನಾವು ದಿನಕ್ಕೆ ಎರಡು ಹೊತ್ತು ಬರೆದರೆ ಅದು ಕ್ಷಣ ಕ್ಷಣಕ್ಕೂ ಬರೆಯುತ್ತದೆ. ಒಂದು ತಿಂಗಳಲ್ಲಿ ತೊಟ್ಟಿಯಲ್ಲಿ ಏನಾಗುತ್ತದೆಂಬುದನ್ನು ಕೆಲವೇ ನಿಮಿಷಗಳಲ್ಲಿ ಮುಂದಿಡುತ್ತದೆ.

ಒಂದು ಉದಾಹರಣೆ. ರಾತ್ರಿ ಡೇರಿಯಲ್ಲಿ ವಾಲ್ವು ಸರಿಯಾಗಿ ಕೂರದೆ 100 ಲೀಟರ್ ಹಾಲು ಚರಂಡಿಗೆ ಹೋಯಿತೆಂದು ಭಾವಿಸಿ. ಸಿ.ಓ.ಡಿ. ಲೆಕ್ಕದಲ್ಲಿ ಸುಮಾರು 20 ಕಿಲೋ ತಿನಿಸು. ಇದರಲ್ಲಿ 13.4 ಕಿಲೋ ಹೊಸ ಕೆಸರಾಗುತ್ತದೆ, 6.6 ಕಿಲೋ ಆಮ್ಲಜನಕ ಕೂಡಲೇ ಬೇಕು. ಗಾಳಿ ಯಂತ್ರಕ್ಕೆ ಗಂಟೆಗೆ 1 ಕಿಲೋ ಮಾತ್ರ ಹೆಚ್ಚುವರಿ ಶಕ್ತಿ ಇದ್ದರೆ ಆರೂವರೆ ಗಂಟೆಗೂ ಹೆಚ್ಚು ಕಾಲ ತೊಟ್ಟಿ ಏದುಸಿರು ಬಿಡಬೇಕು. ಅದೇ ಹಾಲನ್ನು ಮೊದಲು ಒಂದು ಸಂಗ್ರಹ ತೊಟ್ಟಿಯಲ್ಲಿ ಹಿಡಿದಿಟ್ಟು 24 ಗಂಟೆಗೆ ಹಂಚಿ ಬಿಟ್ಟರೆ ಗಂಟೆಗೆ 0.3 ಕಿಲೋಗಿಂತ ಕಡಿಮೆ ಸಾಕು. ಈಗ ಕೂಡಲೇ ಬಿಡುವುದೋ, ಹಿಡಿದಿಡುವುದೋ, ಎಷ್ಟು ಹೊತ್ತು ಹಿಡಿದಿಡುವುದೋ, ಇದನ್ನು ನಿಜವಾದ ತೊಟ್ಟಿಯ ಮೇಲೆ ಪ್ರಯೋಗ ಮಾಡಿ ಕೆಡಿಸಿಕೊಳ್ಳುವ ಬದಲು ಕಂಪ್ಯೂಟರಿನ ತೊಟ್ಟಿಯ ಮೇಲೆ ಮಾಡಿ ನೋಡಬಹುದು. ಅಲ್ಲಿ ಬ್ಯಾಕ್ಟೀರಿಯಾ ಸತ್ತರೆ ಯಾರಿಗೂ ನಷ್ಟವಿಲ್ಲ.

ಮಂದೆ ಕರಗದಂತೆ ನೋಡಿಕೊಳ್ಳುವುದು

ಕೊಟ್ಟಿಗೆಯಲ್ಲಿ ಕಡಸುಗಳು ಬೆಳೆದು ಕರು ಹಾಕುವುದಕ್ಕಿಂತ ಬೇಗಬೇಗ ಹಸುಗಳನ್ನು ಮಾರುತ್ತ ಹೋದರೆ ಏನಾಗುತ್ತದೆ? ಕೆಲವು ವರ್ಷಗಳಲ್ಲಿ ಕೊಟ್ಟಿಗೆ ಬರಿದು. ತೊಟ್ಟಿಯ ಕೆಸರಿಗೂ ಇದೇ ನ್ಯಾಯ. ದಿನವೂ ಸ್ವಲ್ಪ ಹೆಚ್ಚುವರಿ ಕೆಸರನ್ನು ಹೊರಗೆ ತೆಗೆಯಲೇಬೇಕು. ಆದರೆ ಬೆಳೆಯುವುದಕ್ಕಿಂತ ಬೇಗ ತೆಗೆದರೆ ಮಂದೆ ಕರಗುತ್ತದೆ.

ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ಬಹಳ ನಿಧಾನ. 20 ಡಿಗ್ರಿಯಲ್ಲಿ ಅವುಗಳ ಹೆಚ್ಚಿನ ದರ ದಿನಕ್ಕೆ 0.8 ಎಂದು ಹಿಡಿದರೆ, 10 ಡಿಗ್ರಿಯ ಚಳಿಯಲ್ಲಿ 0.3. ಬೆಚ್ಚಗಿರುವಾಗ ಕೆಸರನ್ನು ಕಡೇಪಕ್ಷ ಒಂದೂಕಾಲು ದಿನ ಉಳಿಸಿಕೊಂಡರೆ ಅವು ಹೇಗೋ ಬದುಕಿಯಾವು. ಚಳಿಯಲ್ಲಿ ಮೂರು ದಿನಕ್ಕೂ ಹೆಚ್ಚು ಬೇಕು. ಸಾಯುವವುಗಳ ಲೆಕ್ಕ ಸೇರಿದರೆ ಇನ್ನೂ ಹೆಚ್ಚು. ಆದ್ದರಿಂದ ಅನುಭವಸ್ಥರು ಇದರ ಹಲವು ಪಟ್ಟು ದಿನ ಕೆಸರನ್ನು ಉಳಿಸಿಕೊಳ್ಳುತ್ತಾರೆ. ನಮ್ಮ ಗುಡ್ಡದ ಸೀಮೆಯಲ್ಲಿ ಕೊಳಚೆ ಹೆಚ್ಚುವ ಕಾಫಿ ಕುಯ್ಲಿನ ಕಾಲವೂ ಚಳಿಯ ಕಾಲವೂ ಒಂದೇ ಎಂಬುದನ್ನು ಮರೆಯಬಾರದು. ಬಯಲು ಸೀಮೆಯ ಅಳತೆಯನ್ನು ತಂದು ಇಲ್ಲಿ ಕಟ್ಟಿದರೆ ಸಾಲದೆ ಬರಬಹುದು.

ಗಾಳಿಯ ಖರ್ಚು ಮತ್ತು ಹಾಲಿನ ದರ

ಇಂತಹ ಘಟಕದ ವಿದ್ಯುತ್ ಖರ್ಚಿನಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಗಾಳಿ ಊದುವುದಕ್ಕೇ ಹೋಗುತ್ತದೆ. ಹಾಗಾದರೆ ಎಷ್ಟು ಗಾಳಿ ಸಾಕು? ಮೇಲೆ ಹೇಳಿದ ಮಾದರಿಯ ಪ್ರಕಾರ ತೊಟ್ಟಿಯ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಇದ್ದರೆ ಸಾಮಾನ್ಯ ಬ್ಯಾಕ್ಟೀರಿಯಾ ತನ್ನ ಪೂರ್ಣ ಶಕ್ತಿಯ ಶೇಕಡಾ 91ರಷ್ಟು ಕೆಲಸ ಮಾಡುತ್ತದೆ. ಅದನ್ನು ಎರಡರಷ್ಟು ಮಾಡಿ 4ಕ್ಕೆ ಏರಿಸಿದರೆ ಕೆಲಸ ಶೇಕಡಾ 95. ವಿದ್ಯುತ್ತು ಬಹಳ ಹೆಚ್ಚು ಸುಟ್ಟು, ಗಳಿಸಿದ್ದು ನಾಲ್ಕು ಭಾಗ ಮಾತ್ರ. ಆದರೆ 0.2ಕ್ಕೆ ಇಳಿಯಲು ಬಿಟ್ಟರೆ ಕೆಲಸ ಅರ್ಧಕ್ಕೆ ಬೀಳುತ್ತದೆ. ಅತಿಯೂ ಬೇಡ, ಕೊರತೆಯೂ ಬೇಡ. ನಡುವಿನ ಆ ಬಿಂದುವನ್ನು ತೋರಿಸುವುದೇ ಲೆಕ್ಕದ ಪ್ರಯೋಜನ. ಹಾಲಿನ ಬಟವಾಡೆಯಲ್ಲಿ ಪೈಸೆ ಪೈಸೆಗೂ ಬೆಲೆ ಇರುವ ನಮಗೆ ಇದು ಸಣ್ಣ ಮಾತಲ್ಲ.

ಪಲ್ಪರ್ ನೀರು: ಹುಳಿಯಾದ ಹೊಟ್ಟೆ

ಪಲ್ಪರ್ ನೀರಿನಷ್ಟು ಗಡುಸಾದ ಕೊಳಚೆಗೆ ಮೊದಲಿಂದಲೇ ಗಾಳಿ ಊದುತ್ತ ಕೂತರೆ ಖರ್ಚು ಪೂರೈಸದು. ಅದಕ್ಕೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳೇ ಸರಿ. ಅವು ನಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲಿವೆ; ಹಸುವಿನ ಮೊದಲ ಹೊಟ್ಟೆಯಲ್ಲೂ ಅವುಗಳ ಬಳಗವಿದೆ. ಇಲ್ಲಿ 1 ಕಿಲೋ ಸಿ.ಓ.ಡಿ. ಕರಗಿದರೆ ಸುಮಾರು 350 ಲೀಟರ್ ಮೀಥೇನ್ ಸಿಗುತ್ತದೆ. ಒಲೆ ಉರಿಯುತ್ತದೆ, ಕೆಸರೂ ಕಡಿಮೆ. ನೆದರ್‌ಲ್ಯಾಂಡ್ಸಿನ ಲೆಟಿಂಗ 1970ರ ದಶಕದಲ್ಲಿ ಇಂತಹ ರಿಯಾಕ್ಟರುಗಳಿಗೆ ಹೊಸ ರೂಪ ಕೊಟ್ಟರು. ನಮ್ಮಲ್ಲಿ 1974ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಗೋಬರ್ ಗ್ಯಾಸಿನ ಮೇಲೆ ದುಡಿದದ್ದಲ್ಲದೆ, ಕಾಫಿ ಪಲ್ಪರ್ ನೀರಿನಿಂದ ಅನಿಲ ತೆಗೆಯುವ ಬಗ್ಗೆಯೂ ಕೆಲಸ ಮಾಡಿದ್ದಾರೆ.

ಇಲ್ಲಿ ಒಂದು ತೊಡಕಿದೆ. ಹಲಸಿನ ಕಾಲದಲ್ಲಿ ಹಸು ಬಿಚ್ಚಿಕೊಂಡು ಹೋಗಿ ಹಣ್ಣು ತಿಂದು ಬಂದಾಗ, ಅಥವಾ ಮದುವೆ ಮನೆಯಲ್ಲಿ ಉಳಿದ ಅನ್ನ ತಿಂದಾಗ ಏನಾಗುತ್ತದೆಂದು ತಾವು ಬಲ್ಲಿರಿ. ಮೆಲುಕು ನಿಲ್ಲುತ್ತದೆ, ಹೊಟ್ಟೆ ಹುಳಿಯಾಗುತ್ತದೆ, ಹಸು ಮಲಗಿಬಿಡುತ್ತದೆ. ಸಕ್ಕರೆ, ಪಿಷ್ಟ ಸಿಕ್ಕೊಡನೆ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ಓಡುತ್ತವೆ. ಆ ಆಮ್ಲವನ್ನು ಬಳಸಿ ಮುಗಿಸಬೇಕಾದ ವ್ಯವಸ್ಥೆ ಹಿಂದೆ ಬೀಳುತ್ತದೆ. ಪಲ್ಪರ್ ನೀರು ಹಾಕಿದ ಗ್ಯಾಸ್ ಗುಂಡಿಯಲ್ಲೂ ಇದೇ ಆಗುವುದು. ಆಮ್ಲ ಮಾಡುವವು ವೇಗ, ಮೀಥೇನ್ ಮಾಡುವವು ನಿಧಾನ. ಪಲ್ಪರ್ ನೀರು ಮೊದಲೇ ಹುಳಿ. ನಿಂತಷ್ಟೂ ಅದರ ಪಿ.ಎಚ್. 4ರ ಹತ್ತಿರಕ್ಕೆ ಇಳಿಯುತ್ತದೆ. ಮೀಥೇನ್ ಬ್ಯಾಕ್ಟೀರಿಯಾಕ್ಕೆ 7ರ ಆಸುಪಾಸು ಬೇಕು. 6ಕ್ಕೆ ಇಳಿದರೆ ಅದರ ಕೆಲಸ ನಿಂತಂತೆಯೇ.

ಈ ಓಟದ ಲೆಕ್ಕವನ್ನೂ ಕಂಪ್ಯೂಟರಿಗೆ ಕಲಿಸಿದ್ದಾರೆ. 2002ರಲ್ಲಿ ಅಂತರರಾಷ್ಟ್ರೀಯ ಜಲ ಸಂಘ ಗಾಳಿರಹಿತ ಕ್ರಿಯೆಗಾಗಿ ಒಂದು ಮಾದರಿ ಪ್ರಕಟಿಸಿತು. ಸಕ್ಕರೆ, ಪ್ರೋಟೀನು, ಕೊಬ್ಬು ಒಡೆಯುವುದರಿಂದ ಹಿಡಿದು ಆಮ್ಲ, ಹೈಡ್ರೋಜನ್, ಕೊನೆಗೆ ಮೀಥೇನ್ ಆಗುವವರೆಗೆ ಪ್ರತಿ ಹಂತಕ್ಕೂ ಅದರಲ್ಲಿ ಒಂದೊಂದು ಗುಂಪು ಬ್ಯಾಕ್ಟೀರಿಯಾ ಇದೆ. ಪಿ.ಎಚ್. ಇಳಿದರೆ ಯಾವ ಗುಂಪು ಎಷ್ಟು ಸೊರಗುತ್ತದೆಂಬುದೂ ಇದೆ. ಈ ಲೆಕ್ಕದಿಂದ ಹೊರಡುವ ಬುದ್ಧಿಮಾತು ನಮ್ಮ ಹಿರಿಯರ ಮಾತಿನಂತೆಯೇ ಇದೆ: ಒಮ್ಮೆಲೇ ತಿನಿಸಬೇಡ, ದಿನದಿನಕ್ಕೆ ಸ್ವಲ್ಪಸ್ವಲ್ಪ ಏರಿಸು, ಹುಳಿಯಾದರೆ ಸುಣ್ಣ ಹಾಕು, ಹೆಪ್ಪನ್ನು ಮೊದಲೇ ಸಿದ್ಧ ಮಾಡಿಕೋ.

ಆ ಹೆಪ್ಪು ಎಲ್ಲಿಂದ? ನಮ್ಮ ಕೊಟ್ಟಿಗೆಯಿಂದ! ಸಗಣಿ ಬಗ್ಗಡದಲ್ಲಿ ಬೇಕಾದ ಬ್ಯಾಕ್ಟೀರಿಯಾಗಳೆಲ್ಲ ಇವೆ. ಪಲ್ಪರ್ ನೀರಿನಲ್ಲಿ ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ. ಆ ಕೊರತೆಯನ್ನೂ ಸಗಣಿ ಗಂಜಲ ತುಂಬುತ್ತವೆ. ಬಗ್ಗಡ ಹಾಕಿ ಕೆಲವು ವಾರ ಮುಂಚೆಯೇ ರಿಯಾಕ್ಟರನ್ನು ಎಬ್ಬಿಸಿದರೆ ಕುಯ್ಲಿನ ಕಾಲಕ್ಕೆ ಅದು ಸಿದ್ಧವಿರುತ್ತದೆ. ಹಣ್ಣು ಬಂದ ದಿನ ಎಬ್ಬಿಸ ಹೊರಟರೆ, ಅದು ಏಳುವ ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ. ಗಾಳಿರಹಿತ ಹಂತದಿಂದ ಹೊರಬಂದ ನೀರನ್ನೂ ನೇರವಾಗಿ ಹಳ್ಳಕ್ಕೆ ಬಿಡುವಂತಿಲ್ಲ. ಮುಂದೆ ಗಾಳಿ ತೊಟ್ಟಿಯ ಹಂತವೂ ಬೇಕು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯ ಕೆಳಗೆ ಹಳ್ಳ, ಹೊಳೆಗೆ ಬಿಡುವ ನೀರಿಗೆ ಮಿತಿಗಳಿದ್ದು, ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ ಬಿ.ಓ.ಡಿ.

ಲೆಕ್ಕಕ್ಕೂ ಮಿತಿ ಉಂಟು

ಕಂಪ್ಯೂಟರು ಹೇಳಿದ್ದೆಲ್ಲ ವೇದವಾಕ್ಯವಲ್ಲ. ಹಾಲಿನ ಸ್ಯಾಂಪಲ್ಲನ್ನು ಸರಿಯಾಗಿ ಕಲಕದೆ ತೆಗೆದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಫ್ಯಾಟು ತಪ್ಪು ಬರುವುದಿಲ್ಲವೇ? ಇಲ್ಲಿಯೂ ಬರುವ ನೀರಿನ ಅಳತೆ, ಪರೀಕ್ಷೆ ಸರಿ ಇಲ್ಲದಿದ್ದರೆ ಉತ್ತರವೂ ತಪ್ಪು. ಮೇಲೆ ಕೊಟ್ಟ ಅಂಕಿಗಳು ಸಾಮಾನ್ಯ ಕೊಳಚೆಯವು. ಆಯಾ ಘಟಕದ ನೀರನ್ನು ಪರೀಕ್ಷಿಸಿ ಅವನ್ನು ಹೊಂದಿಸಿಕೊಳ್ಳಬೇಕು. ಇನ್ನು, ದಾರದಂತೆ ಉದ್ದಕ್ಕೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳಿಂದ ಕೆಸರು ಇಳಿಯದೆ ನೀರಿನೊಂದಿಗೆ ಹೊರಹೋಗುವುದುಂಟು. ಡೇರಿ ನೀರಿನಲ್ಲಿ ಈ ಕಾಟ ಸಾಮಾನ್ಯ. 1987ರ ಮಾದರಿ ಎಲ್ಲ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಒಂದೇ ಗುಂಪೆಂದು ನೋಡುವುದರಿಂದ ಇದನ್ನು ಮುಂಚಿತವಾಗಿ ಹೇಳಲಾರದು. ಹಸುಗಳ ಹಿಂಡನ್ನೆಲ್ಲ ಒಂದೇ ಹಸುವೆಂದು ಬರೆದಂತೆ. 1990ರ ದಶಕದಿಂದೀಚೆಗೆ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಮುಂತಾದ ಕಡೆ ಬ್ಯಾಕ್ಟೀರಿಯಾ ಪದರಗಳು ಎಲ್ಲಿ, ಹೇಗೆ ಬೆಳೆಯುತ್ತವೆಂಬುದನ್ನು ಚುಕ್ಕಿ ಚುಕ್ಕಿಯಾಗಿ ಲೆಕ್ಕ ಹಾಕುವ ಮಾದರಿಗಳೂ ಬಂದಿವೆ. ಏನೇ ಆದರೂ ದಿನವೂ ತೊಟ್ಟಿಯ ಬಳಿ ನಿಂತು ಬಣ್ಣ, ನೊರೆ, ವಾಸನೆ ನೋಡುವ ಕೆಲಸಗಾರನ ಕಣ್ಣಿಗೆ ಬದಲಿ ಇಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಸಂಘದಲ್ಲಿ ತಿರಸ್ಕೃತವಾದ ಹಾಲನ್ನಾಗಲಿ, ಮನೆಯಲ್ಲಿ ಒಡೆದ ಹಾಲನ್ನಾಗಲಿ ಚರಂಡಿಗೆ, ಹಳ್ಳಕ್ಕೆ ಸುರಿಯಬೇಡಿ. ಒಣ ಸೊಪ್ಪು, ದರಗು ಹಾಕಿದ ಗೊಬ್ಬರದ ಗುಂಡಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ.

2. ಕ್ಯಾನು ಮತ್ತು ತಂಪು ಟ್ಯಾಂಕಿನಲ್ಲಿ ಉಳಿದ ಹಾಲನ್ನು ಪೂರ್ತಿ ಬಸಿದ ಮೇಲೆಯೇ ತೊಳೆಯಿರಿ. ಮೊದಲ ಸಲ ಗಲಬರಿಸಿದ ನೀರಿನಲ್ಲಿ ಹಾಲಿನಂಶ ಹೆಚ್ಚು. ಅದನ್ನು ಬೇರೆ ಹಿಡಿದು ಗೊಬ್ಬರದ ಗುಂಡಿಗೆ ಬಿಟ್ಟರೆ ಕೊಳಚೆಯ ದೊಡ್ಡ ಪಾಲು ಅಲ್ಲೇ ಕಳೆಯಿತು.

3. ಬ್ಲೀಚಿಂಗ್ ಪುಡಿ, ಫಿನಾಯಿಲ್, ಟ್ಯಾಂಕು ತೊಳೆಯುವ ಆಮ್ಲ ಮತ್ತು ಕಾಸ್ಟಿಕ್ ನೀರನ್ನು ಗ್ಯಾಸ್ ಗುಂಡಿಗೆ ಬಿಡಬೇಡಿ. ಅವು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ.

4. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು ಡೇರಿಗೆ ಹಾಕಬಾರದೆಂಬುದು ತಮಗೆ ಗೊತ್ತೇ ಇದೆ. ಅದನ್ನು ಗ್ಯಾಸ್ ಗುಂಡಿಗೆ ಸುರಿದರೆ ಅಲ್ಲಿಯೂ ತೊಂದರೆಯಾಗಬಹುದು.

5. ತೋಟವಿರುವವರು ಪಲ್ಪರಿಗೆ ಬಳಸುವ ನೀರನ್ನು ಕಡಿಮೆ ಮಾಡಿ. ಹಿಂದಿನ ಪಲ್ಪರುಗಳಿಗೆ ಹೋಲಿಸಿದರೆ ಇಂದಿನ ಇಕೋ ಪಲ್ಪರುಗಳಿಗೆ ಬಹಳ ಕಡಿಮೆ ನೀರು ಸಾಕು. ಸಿಪ್ಪೆಯನ್ನು ನೀರಿನಿಂದ ಬೇರ್ಪಡಿಸಿ ಗೊಬ್ಬರ ಮಾಡಿ.

6. ಪಲ್ಪರ್ ನೀರನ್ನು ಗ್ಯಾಸ್ ಗುಂಡಿಗೆ ಹಾಕುವವರು ಮೊದಲು ಸುಣ್ಣದಿಂದ ಹುಳಿ ಮುರಿದು, ಅಲ್ಪ ಪ್ರಮಾಣದಿಂದ ಶುರು ಮಾಡಿ, ದಿನದಿನಕ್ಕೆ ಏರಿಸಿ. ಗ್ಯಾಸು ಕಡಿಮೆಯಾಗಿ ಹುಳಿ ವಾಸನೆ ಬಂದರೆ ಹಾಕುವುದನ್ನು ನಿಲ್ಲಿಸಿ. ಪಿ.ಎಚ್. ಕಾಗದ ದುಬಾರಿಯಲ್ಲ; ಒಂದು ಕಟ್ಟು ಮನೆಯಲ್ಲಿಟ್ಟುಕೊಳ್ಳಿ.

7. ಕುಯ್ಲಿನ ತಿಂಗಳುಗಳಲ್ಲಿ ಪಲ್ಪರುಗಳ ಕೆಳಗಿನ ಹಳ್ಳದಲ್ಲಿ ನೀರು ಕಂದು ತಿರುಗಿ ನಾರುತ್ತಿದ್ದರೆ ದನಗಳನ್ನು ಅಲ್ಲಿ ಕುಡಿಯಲು ಬಿಡಬೇಡಿ. ಕೊಟ್ಟಿಗೆಯಲ್ಲೇ ಬಾವಿ ಅಥವಾ ನಲ್ಲಿಯ ಶುದ್ಧ ನೀರು ಕೊಡಿ. ನೀರು ಕಡಿಮೆ ಕುಡಿದ ಹಸು ಹಾಲನ್ನೂ ಕಡಿಮೆ ಮಾಡುತ್ತದೆ.

8. ತೋಟದ ಮಾಲೀಕರು ರಿಯಾಕ್ಟರ್ ಎಬ್ಬಿಸಲು ಸಗಣಿ ಕೇಳಿ ಬಂದರೆ ಇಲ್ಲವೆನ್ನಬೇಡಿ. ಅದಕ್ಕೆ ತಕ್ಕ ಬೆಲೆ ಕೇಳುವುದು ತಮ್ಮ ಹಕ್ಕು. ಅವರ ರಿಯಾಕ್ಟರ್ ಸರಿಯಾಗಿ ನಡೆದರೆ ಕೆಳಗಿನ ಹಳ್ಳದ ನೀರು ಕುಡಿಯುವ ತಮ್ಮ ಹಸುವಿಗೂ ಒಳ್ಳೆಯದು.

ಕಣ್ಣಿಗೆ ಕಾಣದ ಈ ಜೀವಿಗಳು ಸಂಬಳ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಹಿತಮಿತವಾದ ತಿನಿಸು, ಬೇಕಾದವಕ್ಕೆ ಗಾಳಿ, ಹದವಾದ ಶಾಖ, ಇಷ್ಟು ಕೊಟ್ಟರೆ ಸಾಕು. ಹಸು ಸಾಕುವ ಕೈಗೆ ಇದು ಕಷ್ಟವಲ್ಲ. ಮುಂಬರುವ ಕುಯ್ಲಿನ ಕಾಲಕ್ಕೆ ಮುಂಚೆ ತಮ್ಮ ಸಂಘದ ಸಭೆಯಲ್ಲಿ ಕ್ಯಾನು ತೊಳೆದ ನೀರು ಎಲ್ಲಿಗೆ ಹೋಗುತ್ತಿದೆ ಎಂಬ ವಿಷಯವನ್ನೂ ಒಮ್ಮೆ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರಿಕೆ.